ಯಾರ ಪೈಕಿ ಎಂದು ಕೇಳದ ಆಯಮ್ಮ

ಆಯಮ್ಮನ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಹುರಿದ ಶೇಂಗಾದ ಸಿಪ್ಪೆಯಂತೆ ಸುಕ್ಕುಗಟ್ಟಿದ ಚರ್ಮವಿತ್ತು. ಸೌಟು ಹಿಡಿಯುವಾಗ, ಸೆರಗು ಸಿಕ್ಕಿಸುವಾಗ, ಯಾರದೋ ಕೂಸಿನ ಮೂಗು ಒರೆಸುವಾಗ ಆ ಬೆರಳು ಮಿಕ್ಕವುಗಳಿಂದ ತುಸು ದೂರವೇ ನಿಲ್ಲುತ್ತಿತ್ತು. ಬಂಗಾಲಿಗಳು ಸಿಂಧನೂರಿನ ಕ್ಯಾಂಪಿಗೆ ಬಂದಿಳಿದ ಹೊಸದರಲ್ಲಿ ಬೋರಿಂಗಿನ ಮುಂದೆ ನೂಕುನುಗ್ಗಲಾಗಿ, ಹಿಡಿಕೆಯ ಕೆಳಗೆ ಸಿಕ್ಕಿ ಹೋದ ಉಗುರು ಅದು. ಯಾರ ತಪ್ಪಿನಿಂದ ಹೀಗಾಯಿತು ಎಂದು ನಾನೊಮ್ಮೆ ಕೇಳಿದ್ದೆ.

"ನೀರಡಿಕಿ ತಪ್ಪು," ಎಂದಿದ್ದಳು.

ಅವಳು ತುರ್ವಿಹಾಳದವಳು. ಮಕ್ಕಳಾಗುವ ಮೊದಲೇ ಗಂಡ ತೀರಿಕೊಂಡ ಮೇಲೆ ಕ್ಯಾಂಪಿನ ಅಂಗನವಾಡಿಗೆ ಆಯಾ ಆಗಿ ಸೇರಿದಳು. ಪೂರ್ವ ಬಂಗಾಲದಿಂದ ಓಡಿಬಂದು, ಎಲ್ಲೆಲ್ಲಿಯದೋ ಶಿಬಿರಗಳನ್ನು ಸುತ್ತಿ, ಕಡೆಗೆ ನಮ್ಮ ಕಾಲುವೆ ಸೀಮೆಗೆ ಬಂದು ಬಿದ್ದ ಜನರ ಮಕ್ಕಳಿಗೆ ದಿನಾ ಉಪ್ಪಿಟ್ಟು ಮಾಡಿ ಬಡಿಸುತ್ತ ಅವರ ಭಾಷೆಯನ್ನೂ ಕಲಿತಿದ್ದಳು. ಅವಳ ಬಾಯಲ್ಲಿ ಬಂಗಾಲಿ ಕೂಡ ತುರ್ವಿಹಾಳದ್ದೇ ಆಗಿಬಿಡುತ್ತಿತ್ತು.

ನಾನು ಲಿಂಗಸುಗೂರಿನವಳು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ದಿಲ್ಲಿಯಲ್ಲಿ ಎಂ.ಎ. ಓದುತ್ತಿದ್ದೆ. ವಿಷಯ, ಅಂತರರಾಷ್ಟ್ರೀಯ ಅಭಿವೃದ್ಧಿ ಮತ್ತು ನಿರಾಶ್ರಿತರ ಅಧ್ಯಯನ. ನಾನು ಅದರ ಪೂರ್ತಿ ಹೆಸರು ಹೇಳಿ ಮುಗಿಸುವಷ್ಟರಲ್ಲಿ ನಮ್ಮಪ್ಪನ ಎಲೆ ಅಡಿಕೆ ಅಗಿಯುವುದೇ ಮುಗಿದಿರುತ್ತಿತ್ತು. "ಅಂದ್ರ ಏನ್ ಕೆಲಸ ಸಿಗತೈತಿ?" ಎಂದು ಕೇಳುತ್ತಿದ್ದ. ಆಫ್ರಿಕಾದ ಶಿಬಿರಗಳ ಹೆಸರು ಬಾಯಿಪಾಠ ಮಾಡಿದ್ದ ನನಗೆ, ಮಸ್ಕಿ ದಾಟಿ ಸಿಂಧನೂರಿಗೆ ಹೋಗುವ ಬಸ್ಸಿನಲ್ಲಿ ಚಿಕ್ಕಂದಿನಿಂದ ಓಡಾಡಿದರೂ ಆ ಕ್ಯಾಂಪೊಂದು ಲೆಕ್ಕಕ್ಕೇ ಬಂದಿರಲಿಲ್ಲ. "ನಿಮ್ಮ ಜಿಲ್ಲೆಯಲ್ಲೇ ಇದ್ದಾರಲ್ಲ?" ಎಂದು ನನ್ನ ಗೈಡ್ ಹೇಳಬೇಕಾಯಿತು. ನಾಚಿಕೆಗೇಡು!

ಪ್ರಬಂಧಕ್ಕೆಂದು ಅರವತ್ತು ಮನೆಗಳನ್ನು ಮಾತಾಡಿಸಬೇಕಿತ್ತು. ಮನೆಗೊಂದು ಪ್ರಶ್ನಾವಳಿ, ಪ್ರತಿಯೊಂದಕ್ಕೂ ನಂಬರು. ಯಾರು ಯಾರಿಗೆ ಏನಾಗಬೇಕು, ಯಾವ ಊರಿಂದ ಬಂದರು, ಯಾರ ಜೊತೆ ಬಂದರು, ಎಲ್ಲದಕ್ಕೂ ಒಂದೊಂದು ಕಾಲಂ. ತುಂಬಿದ ಪ್ರತಿಗಳನ್ನು ಬೇಸಿಗೆ ಮುಗಿಯುವುದರೊಳಗೆ ಒಪ್ಪಿಸದಿದ್ದರೆ ಒಂದು ವರ್ಷ ಹೋದಂತೆಯೇ. ನನಗೆ ಬಂಗಾಲಿ ಬರುತ್ತಿರಲಿಲ್ಲ. ಆಯಮ್ಮ ಉಪ್ಪಿಟ್ಟು ಬಡಿಸಿ, ಪಾತ್ರೆ ತೊಳೆದು, ನನ್ನ ಜೊತೆ ಬಿಸಿಲಿನಲ್ಲಿ ಹೊರಡುತ್ತಿದ್ದಳು. ಮೊದಲ ವಾರ ಅವಳಿಗೆ 'ರೀ' ಹಚ್ಚಿ ಮಾತಾಡಿದೆ. "ನನಗ ರೀ ಅಂದ್ರ ಹಿಂದ ಯಾರರ ಬಂದಾರೇನಂತ ತಿರುಗಿ ನೋಡಂಗಾಗತೈತಿ, ಬಿಡು ಬೇ," ಎಂದು ಬೈದ ಮೇಲೆ ಬಿಟ್ಟೆ.

ಅವಳದೊಂದು ಕ್ರಮವಿತ್ತು. ಯಾವ ಮನೆಗೆ ಹೋದರೂ ಮೊದಲು ನೀರು ಕೇಳಿ ಕುಡಿಯಬೇಕು. ಬೆಳೆ, ಜ್ವರ, ಮೀನು ಸಿಕ್ಕಿತೇ ಇಲ್ಲವೇ, ಇವುಗಳ ಮಾತಾಗಬೇಕು. ನಮ್ಮ ಕಡೆ ಹೊಸಬರು ಕಂಡರೆ ಬಾಯಿಗೆ ತಾನಾಗಿ ಬರುವ "ಯಾವೂರು? ಯಾರ ಪೈಕಿ?" ಎಂಬ ಮಾತನ್ನು ಮಾತ್ರ ಕ್ಯಾಂಪಿನಲ್ಲಿ ಎತ್ತಕೂಡದು.

"ಅದು ಬಿಟ್ಟು ಏನಾರ ಕೇಳು. ಹೇಳೂದಿದ್ರ ಅವರ ಹೇಳ್ತಾರ."

"ನನ್ನ ಮೊದಲನೇ ಪ್ರಶ್ನೇನ ಅದು, ಆಯಮ್ಮ."

"ಹಂಗಾರ ಎರಡನೇದರಿಂದ ಹಿಡಿ."

ಮೊದಲನೆಯದನ್ನು ಅವಳೇ ಏನೋ ಕೇಳಿ, ಏನೋ ಹೇಳಿ ತುಂಬಿಸುತ್ತಿದ್ದಳು. ಎಲ್ಲ ಮನೆಯಲ್ಲೂ ಗಂಡ, ಹೆಂಡತಿ, ಅತ್ತೆ, ಮಕ್ಕಳು ಅಚ್ಚುಕಟ್ಟಾಗಿ ಸಾಲುಗಟ್ಟಿ ನಿಲ್ಲುತ್ತಿದ್ದರು. ಇಷ್ಟು ಸಾಪು ಉತ್ತರ ಹೇಗೆ ಸಾಧ್ಯ ಎಂದು ನನಗೆ ಒಳಗೊಳಗೇ ಅನುಮಾನ. ಸಂಜೆ ಬಸ್ಸಿಗೆ ಕಾಯುವಾಗ ನಾನು ಕಲ್ಲಿನ ಮೇಲೆ ಕುಸಿದರೆ ಅವಳು ನಿಂತೇ ಇರುತ್ತಿದ್ದಳು. ಕೂತುಕೋ ಎಂದರೆ, "ಕುಂತರ ಏಳಾಕಾಗಂಗಿಲ್ಲವ್ವಾ, ಅದಕ್ಕ ನಿಂತೀನಿ," ಎನ್ನುತ್ತಿದ್ದಳು. ಆಗ ನನಗದು ತಮಾಷೆಯ ಮಾತಾಗಿ ಕೇಳಿಸುತ್ತಿತ್ತು.

ಐವತ್ತೆರಡು ಮನೆ ಮುಗಿದಿದ್ದವು. ಆಯಮ್ಮ ಜ್ವರ ಬಂದು ಎರಡು ದಿನ ಮಲಗಿದಳು. ದಿನ ಕಳೆಯಬಾರದೆಂದು ನಾನೊಬ್ಬಳೇ ಹೋದೆ. ಕ್ಯಾಂಪಿನವರೆಲ್ಲ ದಿದಿಮಾ, ಅಂದರೆ ಅಜ್ಜಿ, ಎಂದು ಕರೆಯುತ್ತಿದ್ದ ಮುದುಕಿಯೊಬ್ಬಳಿದ್ದಳು. ಗದ್ದೆಯಲ್ಲಿ ನಾಟಿ, ಕಳೆ ಎಂದು ನಮ್ಮ ಹೆಂಗಸರ ಜೊತೆ ದುಡಿದು ಅವಳಿಗೆ ಕನ್ನಡ ಬರುತ್ತಿತ್ತು. ಮಗ, ಸೊಸೆ ಕೂಲಿಗೆ ಹೋಗಿದ್ದರು. ಪಕ್ಕದಲ್ಲಿ ಕೂತು, ಲಿಂಗಸುಗೂರಿನ ಮನೆಮಗಳಂತೆ, ಅಕ್ಕರೆಯಿಂದಲೇ ಕೇಳಿಬಿಟ್ಟೆ: "ಅಜ್ಜಿ, ಯಾವೂರು ನಿಮ್ದು? ಯಾರ ಪೈಕಿ?"

ಎಷ್ಟು ವರ್ಷದಿಂದ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲವೋ! ನದಿ, ದೋಣಿ, ಹಿತ್ತಲ ತೆಂಗು, ಸತ್ತುಹೋದ ಸ್ವಂತ ಮಗ, ಎಲ್ಲವನ್ನೂ ಹೇಳಿದಳು. ಈ ಮನೆಯ ಮಗ ಅವಳ ಮಗನಲ್ಲ. ಶಿಬಿರದಿಂದ ಶಿಬಿರಕ್ಕೆ ಬರುವ ದಾರಿಯಲ್ಲಿ ಅವನ ತಾಯಿ ತೀರಿಕೊಂಡಿದ್ದಳು. ಮನೆ, ಹೊಲ ಕೊಡುವ ಸರ್ಕಾರದ ಪಟ್ಟಿಯಲ್ಲಿ ಆ ತಾಯಿಯ ಹೆಸರು ಉಳಿದಿತ್ತು. ಪಟ್ಟಿಯಲ್ಲಿ ಎಲ್ಲೂ ಹೆಸರಿಲ್ಲದ, ದಿಕ್ಕಿಲ್ಲದ ಈ ಹೆಂಗಸನ್ನು ಅವನು ಆ ಹೆಸರಿನ ಮೇಲೆ ಕೈಹಿಡಿದು ಕರೆತಂದಿದ್ದ. ನಾನು ಒಂದಕ್ಷರ ಬಿಡದೆ ಬರೆದುಕೊಂಡೆ. ಮನಸ್ಸಿನಲ್ಲಿ ನನ್ನ ಗೈಡ್ ಆಗಲೇ ಭೇಷ್ ಎನ್ನುತ್ತಿದ್ದರು.

ಅಷ್ಟರಲ್ಲಿ ಮಗ ಮನೆಗೆ ಬಂದ. ನನ್ನ ಕೈಯಲ್ಲಿದ್ದ ಹಾಳೆ ನೋಡಿದ, ಮುದುಕಿಯ ಮುಖ ನೋಡಿದ.

ಮರುದಿನ ಬಸ್ಸಿಳಿದರೆ ರಸ್ತೆ ಬದಿಯ ಬೇವಿನ ಮರದ ಕೆಳಗೆ ದಿದಿಮಾ ಗಂಟು ಕಟ್ಟಿಕೊಂಡು ಕೂತಿದ್ದಳು. ಪಕ್ಕದಲ್ಲಿ ಆಯಮ್ಮ. ಎಂದೂ ಕೂರದವಳು ಅಂದು ನೆಲಕ್ಕೆ ಕೂತಿದ್ದಳು. ಮೈ ಇನ್ನೂ ಜ್ವರದಿಂದ ನಡುಗುತ್ತಿತ್ತು.

"ಎರಡು ದಿನ ನಾ ಮಲಗಿದ್ದಕ್ಕ ಮನಿಗೆ ಬೆಂಕಿ ಹಚ್ಚಿದ್ಯಲ್ಲ ಬೇ!" ಎಂದಳು. "ನಿನ್ನ ಹಾಳೀಲೆ ಹೊಸ ಪಟ್ಟಿ ಮಾಡಾಕತ್ತಾರ, ಸುಳ್ಳು ಹೇಳಿದವರ ಮನಿ, ಹೊಲ ಕಸ್ಕೋತಾರ ಅಂತ ಕ್ಯಾಂಪ್ ತುಂಬ ಗುಲ್ಲೆದ್ದೈತಿ. ತಾ ಹೋದ್ರ ಮಗನ ಮನಿ ಉಳಿತೈತೆಂತ ಹೊಂಟಾಳ."

"ಎಲ್ಲಿಗೆ?"

"ಅಕಿಗೂ ಗೊತ್ತಿಲ್ಲ. ಎರಡು ಬಸ್ ಹೋದುವು. ಹತ್ತಾಕ ಬಿಟ್ಟಿಲ್ಲ ನಾ."

ಇದು ಸರ್ಕಾರದ ಕಾಗದವಲ್ಲ, ನನ್ನ ಓದಿನದು ಎಂದೆ. ದಿಲ್ಲಿಯಲ್ಲಿ ಯಾರೂ ಇದನ್ನು ನೋಡುವುದಿಲ್ಲ ಎಂದೆ. ಬೇಕಾದರೆ ಆ ಒಂದು ಹಾಳೆ ಹರಿದು ಹಾಕುತ್ತೇನೆ ಎಂದೆ.

ಆಯಮ್ಮ ನನ್ನನ್ನು ಸುಸ್ತಾದ ಕಣ್ಣಿನಿಂದ ನೋಡಿದಳು. "ಅಕಿಗೆ ಓದಾಕ ಬರಂಗಿಲ್ಲ. ನೀ ಹರದದ್ದು ಅಕಿ ಹಾಳೀನ ಅಂತ ಹೆಂಗ ಗೊತ್ತಾಗಬೇಕು? ಆ ಉಳದ ಮನಿಯವರಿಗೆ ಹೆಂಗ ಗೊತ್ತಾಗಬೇಕು?" ದಿದಿಮಾಳ ಗಂಟನ್ನು ತನ್ನತ್ತ ಎಳೆದುಕೊಂಡು, "ಓದಿದಾಕಿ ನೀನು. ನೀನ ನೋಡು," ಎಂದಳು.

ಸುಳ್ಳು ಯಾಕೆ ಹೇಳಲಿ, ನನಗೆ ಸಿಟ್ಟು ಬಂತು. ಎರಡು ತಿಂಗಳ ಬಿಸಿಲು, ಐವತ್ಮೂರು ಮನೆ, ನನ್ನದೊಂದು ವರ್ಷ! ಚೀಲವನ್ನು ಎದೆಗೆ ಅವಚಿಕೊಂಡು ಮೂರನೇ ಬಸ್ಸು ಬರುವವರೆಗೂ ನಿಂತೆ. ಬಸ್ಸು ನಿಂತಿತು. ದಿದಿಮಾ ಗಂಟೆತ್ತಿಕೊಂಡು ಎದ್ದಳು. ಆಯಮ್ಮ ಅವಳ ಸೆರಗು ಹಿಡಿದಳು; ಉಗುರಿಲ್ಲದ ಆ ಬೆರಳು ಕೂಡ ಸೇರಿ ಹಿಡಿದಿತ್ತು.

"ಅಜ್ಜಿ, ಬರ್ರಿ," ಎಂದೆ. "ನಿಮ್ಮ ಕಣ್ಣ ಮುಂದ ಎಲ್ಲಾ ಸುಡ್ತೀನಿ."

ಅಂಗನವಾಡಿಯ ಒಲೆಯಲ್ಲಿ ಹತ್ತಿಕಟ್ಟಿಗೆ ಇತ್ತು, ಉಪ್ಪಿಟ್ಟಿಗೆ ಯಾರೋ ಎಸರಿಟ್ಟಿದ್ದರು. ಸುದ್ದಿ ತಿಳಿದು ಹೆಂಗಸರು ಬಾಗಿಲಲ್ಲಿ ನೆರೆದರು. ಒಂದೊಂದೇ ನಂಬರಿನ ಪ್ರಶ್ನಾವಳಿಯನ್ನು ಒಲೆಗೆ ಹಾಕಿದೆ. ಅರ್ಧ ಸುಟ್ಟು ಹೊರಬಿದ್ದ ಹಾಳೆಯನ್ನು ದಿದಿಮಾ ಕಡ್ಡಿಯಿಂದ ಒಳಗೆ ದಬ್ಬಿದಳು, ಅಡಿಗೆಮನೆಯಲ್ಲಿ ಯಾರಾದರೂ ಮಾಡುವಂತೆ. ಅವತ್ತು ಉಪ್ಪಿಟ್ಟಿಗೆ ಹೊಗೆ ವಾಸನೆ ಹತ್ತಿತ್ತು. ಮಕ್ಕಳು ತಕರಾರಿಲ್ಲದೆ ತಿಂದವು. ನನಗೂ ಒಂದು ತಟ್ಟೆ ಕೊಟ್ಟು, "ತಿನ್ನು, ನಿಂದ ಉರುವಲು," ಎಂದಳು ಆಯಮ್ಮ. ನಾನು ಅಳುತ್ತಲೇ ತಿಂದೆ.

ವರ್ಷ ಹೋಯಿತು. ಮುಂದಿನ ವರ್ಷ ಲೈಬ್ರರಿಯ ವರದಿಗಳನ್ನು ಇಟ್ಟುಕೊಂಡು ಏನೋ ಬರೆದು, ಅಂಚಿನಲ್ಲಿ ಪಾಸಾದೆ. ನಂತರ ಇದೇ ಕೆಲಸ ಹಿಡಿದು ಎಷ್ಟೋ ಶಿಬಿರ ನೋಡಿದೆ. ಎಲ್ಲ ಕಡೆ ಅದೇ ಡೇರೆ, ಅದೇ ನೀರಿನ ಸಾಲು, ಅದೇ ಕಾಲಂಗಳು. ಬೇಸರ ಬಂದುಹೋಗಿದೆ, ಈಗೀಗ ನಾನೂ ಕೂರಲು ಹೆದರುತ್ತೇನೆ. ಆದರೆ ಎಲ್ಲಿ ಹೋದರೂ ಮೊದಲು ನೀರು ಕೇಳಿ ಕುಡಿಯುತ್ತೇನೆ. ಯಾರು ಯಾರನ್ನು ತಾಯಿ ಎನ್ನುತ್ತಾರೋ ಅವಳೇ ತಾಯಿ ಎಂದು ಬರೆಯುತ್ತೇನೆ. ಓದು ಕಲಿಸದ ಈ ಒಂದು ಕೆಲಸ ನನಗೆ ಚೆನ್ನಾಗಿ ಬರುತ್ತದೆ.

ತೊಂಬತ್ತರ ದಶಕದ ಕೊನೆಗೆ ಆಯಮ್ಮ ಹೋದ ಸುದ್ದಿ ಬಂತು. ನಾನು ತುರ್ವಿಹಾಳ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಮನೆಯೊಳಗೆ ಹೆಂಗಸರು ಗೋಡೆಗೊರಗಿ ಕೂತಿದ್ದರು. ಅವರ ನಡುವೆ ಬಾಗಿ ಬಿಲ್ಲಾದ ದಿದಿಮಾ ಇದ್ದಳು. ಪಾಮನಕಲ್ಲೂರಿನಿಂದ ಬಂದಿದ್ದ ಆಯಮ್ಮನ ನಾದಿನಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು:

"ಈಕಿ ಯಾರ ಪೈಕಿ? ನಮ್ಮಕಿಗೆ ಏನಾಗಬೇಕು?"

ಏನೆಂದು ಹೇಳಲಿ? ಪ್ರಬಂಧಕ್ಕೆ ಬಂದವಳು ಎಂದೇ?

"ಮಗಳು," ಎಂದಳು ದಿದಿಮಾ. "ಹಿರೇಮಗಳು."

ಆಯಮ್ಮನಿಗೆ ಮಕ್ಕಳಿರಲಿಲ್ಲವೆಂದು ಆ ಕೋಣೆಯಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ನಾದಿನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅವಳು ದಿದಿಮಾಳನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಗೋಡೆ ಕಡೆ ಸರಿದು ಜಾಗ ಮಾಡಿದಳು.

"ದೂರದಿಂದ ಬಂದಾಳ," ಎಂದಳು ಒಳಗಿನವರಿಗೆ. "ಮೊದಲ ನೀರು ಕೊಡ್ರಿ."