ರೆಕ್ಕೆಗೆ ಕಿವಿಗೊಡುವ ಅಕ್ಕ

ಬೆಳಗಿನ ಐದು ಗಂಟೆ. ಗಾಳಿಯಂತ್ರದ ರೆಕ್ಕೆ ತಯಾರಿಸುವ ಕಾರ್ಖಾನೆಯ ಉದ್ದನೆಯ ಶೆಡ್ಡಿನಲ್ಲಿ ಒಂದೇ ಸದ್ದು: ಟಕ್, ಟಕ್. ಐವತ್ತು ಮೀಟರ್ ಉದ್ದದ ಬಿಳಿ ರೆಕ್ಕೆಯ ಪಕ್ಕದಲ್ಲಿ ಹೆಂಗಸೊಬ್ಬರು ಪುಟ್ಟ ಸುತ್ತಿಗೆಯಿಂದ ನಾಲ್ಕು ಬೆರಳಿಗೊಂದು ಏಟು ಹಾಕುತ್ತಾ, ಕಿವಿಯಾನಿಸುತ್ತಾ ಸಾಗುತ್ತಿದ್ದಾರೆ. ಸದ್ದು ಖಣ್ ಎಂದು ಬಂದರೆ ಮುಂದಕ್ಕೆ. ಮಂಕಾಗಿ ಬಂದರೆ ಒಳಪದರ ಅಂಟಿಲ್ಲವೆಂದು ಅರ್ಥ. ಅಲ್ಲೊಂದು ಸೀಮೆಸುಣ್ಣದ ಗುರುತು ಬೀಳುತ್ತದೆ.

ಎಲ್ಲರ ಬಾಯಲ್ಲೂ ಇವರು ‘ಟಕ್‌ಟಕ್ ಅಕ್ಕ’. ವಯಸ್ಸು ಐವತ್ತೊಂದು, ಈ ಕೆಲಸಕ್ಕೆ ಬಂದು ಹನ್ನೆರಡು ವರ್ಷ. ದಿನಕ್ಕೊಂದು ರೆಕ್ಕೆ, ಸುಮಾರು ಮೂರು ಸಾವಿರ ಏಟು. ಏಳಕ್ಕೆ ರೆಕ್ಕೆಯ ಮೈಯನ್ನು ಉಜ್ಜುವ ಯಂತ್ರಗಳು ಶುರುವಾದರೆ ಪಕ್ಕದವರ ಮಾತೂ ಕೇಳಿಸದು, ಅಷ್ಟರೊಳಗೆ ಮುಗಿಸಬೇಕು. “ಅಂಗಡೀಲಿ ಪಾತ್ರೆ ತಗೊಂಡ್ರೂ ತಟ್ಟಿ ನೋಡ್ತಾಳೆ ಅಮ್ಮ. ನನ್ನ ನೋಡೋಕೆ ಬರೋ ಹುಡುಗನ ತಲೇನೂ ಬಿಡಲ್ಲ,” ಎಂದು ಮಗಳು ನಗುತ್ತಾಳೆ.

ನಾಲ್ಕು ವರ್ಷದ ಹಿಂದೊಮ್ಮೆ ಜ್ವರದಿಂದ ಅಕ್ಕ ತಡವಾಗಿ ಬಂದರು. ಯಂತ್ರಗಳು ಆಗಲೇ ಅರಚುತ್ತಿದ್ದವು. ಬೆರಳಿಗೆ ಸಿಕ್ಕ ಕಂಪನವನ್ನೇ ನಂಬಿ, ರೆಕ್ಕೆ ಸರಿಯಿದೆಯೆಂದು ಸಹಿ ಹಾಕಿಬಿಟ್ಟರು. ಕ್ರೇನ್ ಎತ್ತುವಾಗ ರೆಕ್ಕೆ ಸೀಳಿತು. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ. “ಯಾರೂ ಕೇಳೋಕೆ ಮುಂಚೆ ನಾನೇ ಹೋಗಿ ತಪ್ಪು ಒಪ್ಕೊಂಡೆ. ವಾರಗಟ್ಟಲೆ ಅನ್ನ ಸೇರ್ಲಿಲ್ಲ.”

ಗಾಳಿ ವಿದ್ಯುತ್ತಿಗೆ ಈಗ ಎಲ್ಲಿಲ್ಲದ ಬೇಡಿಕೆ. ತೊಂಬತ್ತು ಜನರಿದ್ದ ಕಾರ್ಖಾನೆಯಲ್ಲಿ ಆರುನೂರು ಮಂದಿ ದುಡಿಯುತ್ತಿದ್ದಾರೆ. ಬರುವ ಸೋಮವಾರದಿಂದ ಮೂರನೆಯ ಪಾಳಿ. ಆಮೇಲೆ ಬೆಳಗಿನ ಜಾವವೂ ಯಂತ್ರಗಳಿಗೆ ಬಿಡುವೇ ಇಲ್ಲ. ಎರಡು ವರ್ಷ ಕೆಲಸವಿಲ್ಲದೆ ಮನೆಯಲ್ಲಿದ್ದ ಮಗಳೂ ಅದೇ ಪಾಳಿಗೆ, ಉಜ್ಜುವ ಯಂತ್ರಕ್ಕೇ ಸೇರಿದ್ದಾಳೆ. “ಅವಳಿಗೆ ಕೆಲಸ ಸಿಕ್ತಲ್ಲ. ಆ ಸದ್ದು ಬೇಡ ಅಂತ ಯಾವ ಬಾಯಲ್ಲಿ ಹೇಳ್ಲಿ?”

ದಿನಕ್ಕೆ ಒಂದೆರಡು ಗಂಟೆ ಯಂತ್ರ ನಿಲ್ಲಿಸಿ ಎಂದು ಅಕ್ಕ ಮೇಲಿನವರನ್ನು ಬೇಡಿಕೊಂಡರು. ಆಗದು, ಸದ್ದಿನಲ್ಲೇ ತಟ್ಟಿ ಸಹಿ ಹಾಕಿ, ಇಲ್ಲವಾದರೆ ಶೆಡ್ಡು ಗುಡಿಸಿ ಎಂಬ ಉತ್ತರ ಬಂತು. ಅಕ್ಕ ಪೊರಕೆಯನ್ನೇ ಆರಿಸಿಕೊಂಡರು. ಆರುನೂರು ಮನೆಯ ಒಲೆ ಉರಿಯುತ್ತಿದೆಯೆಂದು ಇದನ್ನು ಬರೆಯುತ್ತಿರುವ ನಾನು ಹಿಗ್ಗಬೇಕು, ನಿಜ. ಆದರೂ ಮನಸ್ಸು ಕಹಿಯಾಗುತ್ತದೆ.

“ಒಂದು ಸಹಿ ತಾನೆ, ಹಾಕ್ತೀನಿ ಅಂದಿದ್ದರೆ ಈ ಕೆಲಸ ಉಳೀತಿತ್ತಲ್ಲ?” ಎಂದೆ. ಅಕ್ಕ ನನ್ನನ್ನೇ ನೋಡಿದರು.

“ಕ್ರೇನ್ ಕೆಳಗೆ ನಿಲ್ಲೋರೂ ಯಾರದೋ ಮಕ್ಕಳು ಸಾರ್. ನನ್ನ ಕಿವಿಗೆ ಕೇಳದೆ ಇದ್ದದ್ದಕ್ಕೆ ನನ್ನ ಹೆಸರು ಹಾಕಲ್ಲ.”