ಆರಾಮ ಎನ್ನುವವರಿಗೆ ವಿಮೆ

ನನ್ನ ಅಪ್ಪ ಜಗಳೂರು–ದಾವಣಗೆರೆ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದರು. ಬೆಳಗಿನ ಮೊದಲ ಟ್ರಿಪ್ಪಿಗೆ ಮುಂಚೆ ಕಬ್ಬಿಣದ ರಾಡು ಹಿಡಿದು ಬಸ್ಸಿನ ಸುತ್ತ ಒಂದು ಸುತ್ತು ಬಂದು, ಪ್ರತಿ ಟೈರಿಗೂ ಒಂದು ಏಟು ಹಾಕಿ ಸದ್ದು ಕೇಳುತ್ತಿದ್ದರು. ಕ್ಲೀನರ್ "ನಾನು ನೋಡೀನಿ ಬಿಡ್ರಣ್ಣ, ಆರಾಮ ಐತೆ" ಅಂದರೂ ಬಿಡುತ್ತಿರಲಿಲ್ಲ. "ನೀನು ನೋಡಿದ್ದು ನಿಂಗಾತು. ನಾನು ನೋಡ್ಬೇಕಲ್ಲ?" ಎನ್ನುತ್ತಿದ್ದರು. ಲಂಗ ಎತ್ತಿ ಹಿಡಿದು ನಾನೂ ಅವರ ಹಿಂದೆ ಸುತ್ತುತ್ತಿದ್ದೆ.

ಈಗ ನಾನು ವಿಮಾನ ಹಾರಿಸುತ್ತೇನೆ. ಹಾರುವ ಮುಂಚೆ ವಿಮಾನದ ಸುತ್ತ ಒಂದು ಸುತ್ತು ಬಂದು ಕಣ್ಣಾರೆ ನೋಡುವುದು ನಮ್ಮ ಕೆಲಸದ ಕಟ್ಟಳೆ. ಚಕ್ರದ ಹತ್ತಿರ ಬಗ್ಗಿದಾಗೆಲ್ಲ ಅಪ್ಪನ ಬೀಡಿ ವಾಸನೆ ಎಲ್ಲಿಂದಲೋ ಬಂದಂತಾಗುತ್ತದೆ. ಒಳಗೆ ಕೂತ ಮೇಲೂ ಅಷ್ಟೇ. ಒಬ್ಬರು ಪಟ್ಟಿ ಓದಬೇಕು, ಇನ್ನೊಬ್ಬರು ಮುಟ್ಟಿ ನೋಡಿ ಉತ್ತರ ಕೊಡಬೇಕು. ಅಲ್ಲಿ 'ಆರಾಮ' ಎಂಬ ಉತ್ತರ ನಡೆಯುವುದಿಲ್ಲ.

ನಮ್ಮ ಕಡೆ ನಡೆಯುವುದೇ ಆ ಉತ್ತರ. ಯಾರೇ ಸಿಕ್ಕರೂ "ಆರಾಮಾ?" ಎನ್ನುತ್ತಾರೆ. ಕೇಳಿಸಿಕೊಂಡವರು ಜ್ವರದಲ್ಲಿ ನಡುಗುತ್ತಿದ್ದರೂ "ಆರಾಮ ರೀ" ಎನ್ನಬೇಕು. ಬೇರೆ ಏನಾದರೂ ಹೇಳಿದರೆ ಎದುರಿನವರನ್ನು ಕಷ್ಟಕ್ಕೆ ಸಿಕ್ಕಿಸಿದಂತೆ, ಬಾಯಿಂದ ಕಾಯಿಲೆಯ ಹೆಸರು ಹೇಳಿದರೆ ಅದನ್ನು ಮನೆಗೆ ಕರೆದಂತೆ. ಅಪ್ಪ ದಾವಣಗೆರೆಯ ಆಸ್ಪತ್ರೆಯಲ್ಲಿ ಮಲಗಿದ್ದಾಗ ಬಸ್ಸಿನ ದಿನನಿತ್ಯದ ಪ್ರಯಾಣಿಕರೆಲ್ಲ ಎಳನೀರು, ಬ್ರೆಡ್ಡು ಹಿಡಿದು ಸಾಲಾಗಿ ಬಂದರು. ಮೂಗಿಗೆ ನಳಿಕೆ ಇಟ್ಟುಕೊಂಡೇ ಅಪ್ಪ ಎಲ್ಲರಿಗೂ ಆರಾಮ ಎಂದರು. ಎದೆನೋವನ್ನು ವರ್ಷಾನುಗಟ್ಟಲೆ ಗ್ಯಾಸು ಎನ್ನುತ್ತಾ ಬಂದಿದ್ದವರು ಅವರು. ಬಸ್ಸಿನ ಟೈರಿಗೆ ಕೊಟ್ಟ ಗಮನದಲ್ಲಿ ಕಾಲುಭಾಗ ತಮಗೆ ಕೊಟ್ಟುಕೊಂಡಿದ್ದರೆ ಇವತ್ತು ನಮ್ಮ ಜೊತೆ ಇರುತ್ತಿದ್ದರೇನೋ. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ, ಆಮೇಲೆ ಅಳು ಬರುತ್ತದೆ.

ನಾನು ಇದ್ದ ವಿಮಾನ ಕಂಪನಿ ಬಿಟ್ಟು ಇನ್ನೊಂದಕ್ಕೆ ಹೋಗುವ ಅವಕಾಶ ಬಂದಾಗ ಈ 'ಆರಾಮ' ಮತ್ತೆ ಅಡ್ಡ ಬಂತು. ಪೈಲಟ್‌ಗಳು ಕೆಲಸ ಬದಲಿಸುವಾಗ ಸಂಬಳಕ್ಕಿಂತ ಹೆಚ್ಚು ಹೊತ್ತು ಮಾತಾಡುವುದು ಆರೋಗ್ಯ ವಿಮೆಯ ಬಗ್ಗೆ. ಸಂತೇಬೆನ್ನೂರು ಸಂತೆಯಲ್ಲಿ ಎತ್ತಿನ ಹಲ್ಲು ಹಿಡಿದು ನೋಡುವವರ ಹಾಗೆ ಒಂದೊಂದು ಷರತ್ತನ್ನೂ ಹಿಡಿದು ನೋಡುತ್ತೇವೆ. ಯಾಕೆಂದರೆ ನಮ್ಮ ಅನ್ನ ನಮ್ಮ ಮೈಯ ಮೇಲೆ ನಿಂತಿದೆ. ವೈದ್ಯಕೀಯ ತಪಾಸಣೆಯಲ್ಲಿ ಫೇಲಾದರೆ ಹಾರುವಂತಿಲ್ಲ. ಹೊಸ ಕಂಪನಿ ಅಂಥ ಪೈಲಟ್‌ಗೂ ಪರಿಹಾರ ಕೊಡುತ್ತಿತ್ತು, ಹಳೆಯದು ಕೊಡುತ್ತಿರಲಿಲ್ಲ. ಹಳೆಯದರ ಆಸ್ಪತ್ರೆಗಳೆಲ್ಲ ದೊಡ್ಡ ಪಟ್ಟಣದಲ್ಲಿ; ಹೊಸದರಲ್ಲಿ ದಾವಣಗೆರೆಯೂ ಇತ್ತು, ಶಿವಮೊಗ್ಗವೂ ಇತ್ತು. ನಾನು, ಗಂಡ, ಮಗಳು ಎರಡರಲ್ಲೂ ಸೇರುತ್ತಿದ್ದೆವು.

ತೊಡಕಿದ್ದುದು ಹಿರಿಯರ ಸಾಲಿನಲ್ಲಿ. ಹಳೆಯ ಕಂಪನಿಯ ವಿಮೆ ನೌಕರರ ಹೆತ್ತವರಿಗೆ ಮಾತ್ರ. ಅದರಲ್ಲಿ ನನ್ನ ಅವ್ವ ಇದ್ದಳು. ಹೊಸದರಲ್ಲಿ ಹೆತ್ತವರನ್ನಾದರೂ ಸೇರಿಸಬಹುದು, ಅತ್ತೆ-ಮಾವನನ್ನಾದರೂ ಸೇರಿಸಬಹುದು. ಇಬ್ಬರ ಕಡೆಯವರನ್ನೂ ಸೇರಿಸುವಂತಿಲ್ಲ. ಒಮ್ಮೆ ಆರಿಸಿದರೆ ಮುಗಿಯಿತು, ಬದಲಾಯಿಸುವಂತಿಲ್ಲ. ಅವ್ವ ಜಗಳೂರಿನಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ಅತ್ತೆ ನ್ಯಾಮತಿಯಲ್ಲಿ ನಮ್ಮ ಮನೆಯಲ್ಲೇ ಇದ್ದಾರೆ. ನನ್ನ ಗಂಡನಿಗೆ ಅಲ್ಲಿ ಬೀಜ-ಗೊಬ್ಬರದ ಅಂಗಡಿ. ನಾನು ಬೆಂಗಳೂರಿನಿಂದ ಹಾರುತ್ತಾ ರಜೆಗೆ ಮನೆಗೆ ಬರುವವಳು, ಮಗಳ ಜಡೆ ಹೆಣೆದು ಶಾಲೆಗೆ ಕಳಿಸುವವರು ಅತ್ತೆ. ಇಬ್ಬರಲ್ಲಿ ಯಾರಿಗೆ ಹೆಚ್ಚು ಅಗತ್ಯ ಎಂದು ತಿಳಿದರೆ ನಿರ್ಧಾರ ಸುಲಭ ಎಂದುಕೊಂಡೆ. ಅವ್ವನನ್ನು ನ್ಯಾಮತಿಗೆ ಕರೆಸಿಕೊಂಡೆ.

ಹೊನ್ನಾಳಿಯಲ್ಲಿ ಬಸ್ಸು ನಿಂತಾಗ ಕೊಂಡ ಬಾಳೆಹಣ್ಣಿನ ಚಿಪ್ಪು ಹಿಡಿದು ಅವ್ವ ಬಂದಳು. ಕಾಫಿ ಕುಡಿಯುವಾಗ ನಾನು ವಿಷಯ ಬಿಚ್ಚಿಟ್ಟು, ಇಬ್ಬರ ಆರೋಗ್ಯವನ್ನೂ ವಿಚಾರಿಸಿದೆ.

"ನಂಗೇನಾಗೈತೆ? ಆರಾಮ ಇದೀನಿ" ಎಂದಳು ಅವ್ವ. "ಅಕ್ಕಾರನ್ನ ಸೇರ್ಸು. ಅವ್ರು ದೊಡ್ಡೋರು."

"ಅಯ್ಯ, ಚೆನ್ನಾಗಿ ಹೇಳಿದ್ರಿ" ಎಂದರು ಅತ್ತೆ. "ನನ್ ಮೈ ಕಲ್ಲಿದ್ದಂಗೈತೆ. ನಿಮ್ದು ಮೊದ್ಲಿಂದ ಐತೆ, ಅದನ್ಯಾಕೆ ಬಿಡ್ತೀರಿ? ಹೆತ್ತೋಳನ್ನ ಬಿಟ್ಟು ಅತ್ತೇನ ಸೇರ್ಸಿದ್ರೆ ನೋಡಿದೋರು ಏನಂತಾರೆ?"

ಬೀಗರ ಊಟದಲ್ಲಿ ಒಬ್ಬರ ಎಲೆಗೆ ಇನ್ನೊಬ್ಬರು ಹೋಳಿಗೆ ದೂಡುತ್ತಾರಲ್ಲ, ಹಾಗೆ ಇಬ್ಬರೂ ಆ ವಿಮೆಯನ್ನು ಅತ್ತ ಇತ್ತ ದೂಡಿದರು. ನನಗೆ ರೇಗಿತು. "ಇದು ಹೋಳಿಗೆ ಅಲ್ಲ, ಸುಮ್ನೆ ನಿಜ ಹೇಳ್ರಿ ಇಬ್ರೂ" ಎಂದು ಜೋರಾಗಿಯೇ ಅಂದುಬಿಟ್ಟೆ. ಅತ್ತೆ ನಕ್ಕು ಲೋಟ ಎತ್ತಿಕೊಂಡು ಒಳಗೆ ಹೋದರು. ಅವ್ವ ಬಾಳೆಹಣ್ಣು ಸುಲಿದು ನನ್ನ ಕೈಗೆ ಕೊಟ್ಟಳು.

ಮರುದಿನ ಅಡುಗೆಮನೆಯಲ್ಲಿ ನಾನು, ಅತ್ತೆ ಇಬ್ಬರೇ ಇದ್ದೆವು. ರೊಟ್ಟಿ ತಟ್ಟುತ್ತಾ ಅವರೇ ಮಾತು ತೆಗೆದರು.

"ನಿಮ್ಮವ್ವ ಹೇಳಲ್ಲ, ನಾನು ಹೇಳ್ತೀನಿ ಕೇಳು. ಸಕ್ರೆ ಕಾಯ್ಲೆ ಕಾಲಿಗಿಳಿದೈತೆ. ನಿನ್ನೆ ಅಂಗಳದಾಗೆ ಒಂದು ಚಪ್ಲಿ ಕಳಚಿ ಬಿತ್ತು, ಅವ್ರಿಗೆ ಗೊತ್ತೇ ಆಗ್ಲಿಲ್ಲ. ಬರಿಗಾಲಾಗೆ ಒಳಗೆ ಬಂದ್ರು. ನಾನೇ ತಂದಿಟ್ಟೆ."

ನಾನು ಹಿತ್ತಲಿಗೆ ಹೋದೆ. ಅವ್ವ ಬಟ್ಟೆ ಹರವುತ್ತಿದ್ದಳು. ಅವಳ ಕಾಲಿನ ಬಗ್ಗೆ ಕೇಳಿದರೆ ಉತ್ತರ ಏನು ಬರುತ್ತದೆಂದು ನನಗೆ ಗೊತ್ತಿತ್ತು. ಅದಕ್ಕೇ ಅತ್ತೆಯ ಬಗ್ಗೆ ಕೇಳಿದೆ. ಅವ್ವ ಸುತ್ತ ನೋಡಿ ದನಿ ತಗ್ಗಿಸಿದಳು.

"ಅಕ್ಕಾರಿಗೆ ಮಾಳಿಗೆ ಹತ್ತಾಕೆ ಆಗಲ್ಲ ಕಣೆ. ಅರ್ಧಕ್ಕೆ ನಿಂತು ಸೆರಗು ಸರಿ ಮಾಡ್ಕೊಳ್ಳೋರಂಗೆ ನಾಟ್ಕ ಮಾಡ್ತಾರೆ. ಫೋನಾಗೆ ಮಾತಾಡೋವಾಗ್ಲೂ ಉಸ್ರು ಕಟ್ಟೋದು ನಂಗೆ ಕೇಳ್ಸುತ್ತೆ. ನಿಂಗೆ ಹೇಳ್ಬಾರ್ದು ಅಂತ ಆಣೆ ಹಾಕ್ಸಿದಾರೆ."

ವಿಮಾನದಲ್ಲಿ ಇಬ್ಬರನ್ನು ಕೂರಿಸುವುದು ಇದಕ್ಕೇ. ಒಬ್ಬರು ಕಾಣದ್ದನ್ನು ಇನ್ನೊಬ್ಬರು ಕಾಣಲಿ ಎಂದು. ದಿನಾ ಬೇಳೆ ಸಾರಿನ ರುಚಿಯಿಂದ ಹಿಡಿದು ಮೊಮ್ಮಗಳ ಹಲ್ಲಿನವರೆಗೆ ಫೋನಿನಲ್ಲಿ ಹರಟುವ ಈ ಬೀಗರಿಬ್ಬರೂ ಒಬ್ಬರನ್ನೊಬ್ಬರು ಎಷ್ಟೊಂದು ನೋಡಿಕೊಂಡಿದ್ದರು ಎಂದು ನನಗೆ ಹೊಟ್ಟೆಕಿಚ್ಚೇ ಆಯಿತು. ಅವರ ಕೂಗಾಟಕ್ಕೆ ಕಿವಿಗೊಡದೆ ಇಬ್ಬರನ್ನೂ ಕಾರಿನಲ್ಲಿ ಕೂರಿಸಿ ಶಿವಮೊಗ್ಗದ ಡಾಕ್ಟರ ಬಳಿ ಕರೆದುಕೊಂಡು ಹೋದೆ.

ಅತ್ತೆಯ ಹೃದಯದ ಒಂದು ಕವಾಟ ಕಿರಿದಾಗಿತ್ತು. ತಡಮಾಡದೆ ಆಪರೇಷನ್ ಆಗಬೇಕು ಎಂದರು. ಅವ್ವನ ಕಾಲಿನ ನರಗಳು ಸತ್ತಿದ್ದವು. ಒಂದು ಮುಳ್ಳು ಚುಚ್ಚಿ ಗೊತ್ತಾಗದೆ ಹುಣ್ಣಾದರೆ ಕಾಲೇ ಹೋಗಬಹುದು ಎಂದರು. ವಾಪಸು ಬರುತ್ತಾ, ಇನ್ನೇನು ನ್ಯಾಮತಿ ಬಂತು ಎನ್ನುವಾಗ ಅವ್ವ ಅಂದಳು:

"ನನ್ ಕಾಲು ಕಾಯ್ತೈತೆ. ಅವ್ರ ಎದೆ ಕಾಯಲ್ಲ. ಅಕ್ಕಾರನ್ನೇ ಸೇರ್ಸು."

ಅತ್ತೆ ಏನೋ ಹೇಳಲು ಹೊರಟರು. ಅವ್ವ ಅವರ ಕೈ ಹಿಡಿದು ಅದುಮಿದಳು. ನಾನು ಹೊಸ ಕಂಪನಿ ಸೇರಿ, ಫೋನಿನಲ್ಲೇ ವಿಮೆಯ ಅರ್ಜಿಗೆ ಅತ್ತೆಯ ಹೆಸರು ತುಂಬಿದೆ. ಇಷ್ಟು ವರ್ಷ ಅವ್ವನ ಹೆಸರು ಇರುತ್ತಿದ್ದ ಜಾಗ ಅದು. ಕಳಿಸುವ ಗುಂಡಿ ಒತ್ತಿದ ಮೇಲೆ ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಮೂಗಿಗೆ ನಳಿಕೆ ಇಟ್ಟುಕೊಂಡು ಮಲಗಿದ್ದ ಅಪ್ಪ ನೆನಪಾದರು.

ಅತ್ತೆಯ ಆಪರೇಷನ್ ಶಿವಮೊಗ್ಗದಲ್ಲೇ ಆಯಿತು. ಅವ್ವ ಬಂದು ಜೊತೆಗಿದ್ದಳು. ಅಷ್ಟರಲ್ಲಿ ಅವಳಿಗೆಂದೇ ಬೇರೆ ವಿಮೆಗೆ ಅರ್ಜಿ ಹಾಕಿದ್ದೆ. ಇದು ಕಂಪನಿ ವಿಮೆಯ ಹಾಗಲ್ಲ; ಇರುವ ಕಾಯಿಲೆ ಬಚ್ಚಿಟ್ಟರೆ ಮುಂದೆ ಬಿಡಿಗಾಸೂ ಬರುವುದಿಲ್ಲ, ಹೇಳಿದರೆ ಕೆಲವು ವರ್ಷ ಕಾಯಿಸಿಯಾದರೂ ಕೊಡುತ್ತಾರೆ, ಇಲ್ಲವೇ ಆಗುವುದಿಲ್ಲ ಎನ್ನುತ್ತಾರೆ. ಇದನ್ನೆಲ್ಲ ಅವ್ವನಿಗೆ ತಿಳಿಹೇಳಿ ಸಾಕಾಗಿತ್ತು. ಅತ್ತೆ ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ವಿಮೆಯವರ ಫೋನು ಬಂತು. ನಾನು ಸ್ಪೀಕರ್ ಹಾಕಿ ಅವ್ವನ ಮುಂದೆ ಹಿಡಿದೆ.

"ಅಮ್ಮಾ, ನಿಮ್ಮ ಆರೋಗ್ಯ ಹೇಗಿದೆ?" ಎಂದು ಹುಡುಗಿಯ ದನಿ ಕೇಳಿತು.

"ಆರಾಮ..." ಎಂದಳು ಅವ್ವ. ಮಂಚದ ಮೇಲೆ ದಿಂಬಿಗೊರಗಿದ್ದ ಅತ್ತೆ ಕಣ್ಣು ದೊಡ್ಡದು ಮಾಡಿ, ಅವ್ವನ ಪಾದದ ಕಡೆ ಬೆರಳು ತೋರಿಸಿದರು.

ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಆರಾಮ ಇಲ್ಲ ಕಣವ್ವ" ಎಂದಳು. "ಸಕ್ರೆ ಐತೆ. ಕಾಲಾಗೆ ಸ್ಪರ್ಶ ಇಲ್ಲ. ಚಪ್ಲಿ ಬಿದ್ರೆ ಗೊತ್ತಾಗಲ್ಲ. ಒಂದೊಂದು ಸಲ ಕಣ್ಣೂ ಮಂಜಾಗ್ತೈತೆ, ಅದನ್ನ ನನ್ ಮಗಳಿಗೂ ಹೇಳಿಲ್ಲ."

ಎಲ್ಲ ಮುಗಿದು ಫೋನು ಇಟ್ಟ ಮೇಲೆ ಅವಳು ಸುಸ್ತಾದವಳಂತೆ ಅತ್ತೆಯ ಮಂಚದ ತುದಿಗೆ ಕೂತಳು. ವಿಮೆ ಕೊಡುತ್ತಾರೋ ಇಲ್ಲವೋ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಅವಳು ಅದನ್ನು ಕೇಳಲೇ ಇಲ್ಲ.

"ಅಷ್ಟೇನು ಕಷ್ಟ ಇಲ್ಲ ಕಣೆ ಹೇಳಾಕೆ" ಎಂದಳು. "ನಿಮ್ಮಪ್ಪನೂ ಒಂದ್ಸಲ ಹಿಂಗಂದಿದ್ರೆ ಆಗ್ತಿತ್ತು."