ವರ ಸಿಗೋತನಕ ಕಾಲೇಜು

ನಮ್ಮ ಓಣಿಯ ಶಾಲೆಯ ಗೋಡೆಗೆ ಹೊಸ ಬಣ್ಣ ಹೊಡೆಯುತ್ತಿದ್ದಾರೆ. ಬೆಳಿಗ್ಗೆ ಕಿಟಕಿ ತೆಗೆದರೆ ಪೇಂಟಿನ ವಾಸನೆ. 'ಹೆಣ್ಣೊಂದು ಕಲಿತರೆ ಶಾಲೆಯೊಂದು ತೆರೆದಂತೆ' ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ. ಒಳ್ಳೆಯ ಮಾತೇ, ಯಾರು ಅಲ್ಲವೆನ್ನುತ್ತಾರೆ? ಆದರೆ ಅದನ್ನು ಓದಿದಾಗಲೆಲ್ಲ ಇಂಥ ಮಾತಿಗೆ ನಮ್ಮ ಅತ್ಯಾ ಮೂಗು ಮುರಿಯುತ್ತಿದ್ದದ್ದು ನೆನಪಾಗಿ ನನಗೆ ನಗು ಬರುತ್ತದೆ.

ಅತ್ಯಾ ಎಂದರೆ ಅಪ್ಪನ ಅಕ್ಕ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಹಟ ಹಿಡಿದು ಕಲಿತು, ಧಾರವಾಡದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಅಕ್ಕೋರಾಗಿದ್ದರು. ಅಲ್ಲೇ ಸಪ್ತಾಪುರದಲ್ಲಿ ಒಂದು ಬಾಡಿಗೆ ಖೋಲಿ. ರವಿವಾರ ಪಕ್ಕದೂರಿನ ಕಮರಿಪೇಟೆಯ ನಮ್ಮ ಮನೆಗೆ ಬಂದವರೇ ರೊಟ್ಟಿ ಬಡಿಯಲು ಕೂಡುತ್ತಿದ್ದರು. ರೊಟ್ಟಿ ಹರಿದರೂ ಅವರ ವಾದ ಕಡಿಯುತ್ತಿರಲಿಲ್ಲ.

ಅರವತ್ತರ ದಶಕದ ಮೊದಮೊದಲು ನಾನು ಮ್ಯಾಟ್ರಿಕ್ ಪಾಸಾದೆ. ವರ ಸಿಗೋತನಕ ಧಾರವಾಡದ ಕಾಲೇಜಿಗೆ ಹೋಗಲಿ, ಈಗಿನ ಹುಡುಗರು ಕಲಿತವಳನ್ನೇ ಕೇಳುತ್ತಾರೆ ಎಂದು ಅಪ್ಪ ಒಪ್ಪಿದರು. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಅತ್ಯಾ ಮಾತ್ರ ಮುಖ ಗಂಟು ಹಾಕಿಕೊಂಡರು.

"ತಮ್ಮಾ, ವರನ ಸಲುವಾಗಿ ಕಲಿಸಿದ್ರ ವರ ಬಂದ ದಿನಾನ ಬಿಡಸ್ತೀ. ಗಂಡನ ಸಲುವಾಗಿ, ಮಕ್ಕಳ ಸಲುವಾಗಿ ಅಂತ ಎಲ್ಲಾರೂ ಹೇಳ್ತಾರ. ಆಕಿ ಸಲುವಾಗಿ ಆಕಿ ಕಲೀಬಾರದೇನು?"

ಕಾರಣ ಯಾವುದಾದರೂ ಧಾರವಾಡದ ರೈಲು ಅದೇ ಅಲ್ಲವೇ ಎಂದರು ಅಪ್ಪ. ನೀವೇ ಹೇಳಿ, ಒಪ್ಪಿದ ಮೇಲೂ ಜಗಳ ತೆಗೆಯುವವರಿಗೆ ಏನೆನ್ನಬೇಕು? ನನಗೂ ಅತ್ಯಾನ ಮೇಲೆ ಸಿಟ್ಟೇ ಬಂದಿತ್ತು.

ಕಾಲೇಜಿನಲ್ಲಿ ತರ್ಕಶಾಸ್ತ್ರ ತೆಗೆದುಕೊಂಡೆ. ಎದುರುತ್ತರ ಕೊಡಬೇಡ ಎಂಬ ಮಾತು ಕೇಳುತ್ತಲೇ ಬೆಳೆದ ನನಗೆ, ಉತ್ತರ ಕೊಡುವುದನ್ನೇ ಕಲಿಸುವ ಪಾಠವೂ ಉಂಟೆಂದು ತಿಳಿದು ಹುಚ್ಚು ಹಿಡಿದಂತಾಯಿತು. ರೈಲು ಬೈರಿದೇವರಕೊಪ್ಪ ದಾಟುವವರೆಗೂ ಒಳಗೊಳಗೇ ವಾದ ಹೂಡುತ್ತಿದ್ದೆ.

ದೀಪಾವಳಿ ಮುಗಿಯುತ್ತಲೇ ವರ ಬಂತು. ಅತ್ಯಾ ಹೇಳಿದ ಹಾಗೇ ಆಯಿತು. ಇಷ್ಟು ಕಲಿತದ್ದು ಸಾಕು, ಒಪ್ಪಿಗೆಯಾದರೆ ಕಾಲೇಜು ಬಿಡಿಸೋಣ ಎಂದರು ಅಪ್ಪ. ಹಿಂದಿನ ಸಂಜೆ ಅವ್ವ ಮತ್ತು ಪಕ್ಕದ ಮನೆಯ ಕಾಕು ನನಗೆ ತಾಲೀಮು ಕೊಟ್ಟರು. ಹೇಗೆ ನಡೆಯಬೇಕು, ಹೇಗೆ ನಮಸ್ಕರಿಸಬೇಕು, ಯಾಕೆ ಕಲಿಯುತ್ತೀ ಎಂದರೆ 'ಮನೆತನ ಛಲೋ ನಡಸಾಕ್ರಿ' ಎನ್ನಬೇಕು. ಪರೀಕ್ಷೆಗಿಂತ ಹೆಚ್ಚು ಬಾಯಿಪಾಠ ಮಾಡಿದೆ.

ಮರುದಿನ ಉಪ್ಪಿಟ್ಟು, ಶಿರಾ ಎಲ್ಲ ಆದ ಮೇಲೆ ಹುಡುಗನ ಸೋದರತ್ತೆ ಅದೇ ಪ್ರಶ್ನೆ ಕೇಳಿದರು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಿದರೆ ನನ್ನ ಕಾಲೇಜು ಅಲ್ಲಿಗೇ ಮುಗಿಯಿತು ಎಂದು ಹೊಳೆಯಿತು.

"ನನಗ ತಿಳಕೋಬೇಕು ಅನಸ್ತೈತ್ರಿ, ಅದಕ್ಕ" ಎಂದೆ.

ಏನು ತಿಳಿದುಕೊಳ್ಳುತ್ತೀ ಎಂದು ಆಕೆ ಹುಬ್ಬೇರಿಸಿದರು. ಇನ್ನೂ ಗೊತ್ತಿಲ್ಲ ಎಂದೆ. ಬಂದವರೆಲ್ಲ ಎಲೆ ಅಡಿಕೆ ಹಾಕಿಕೊಂಡು ಎದ್ದರು. ಆ ಕಡೆಯಿಂದ ಸುದ್ದಿ ಬರಲೇ ಇಲ್ಲ.

ಅಂದು ಸಂಜೆ ಅವ್ವ ಮಾತು ಬಿಟ್ಟಳು. ಅಪ್ಪ ಪಡಸಾಲೆಗೆ ಕರೆದಾಗ ಬೈಗುಳಕ್ಕೆ ಸಿದ್ಧಳಾಗಿಯೇ ಹೋದೆ. ಅವರು, ಆ ಕಾಲೇಜಿನಲ್ಲಿ ಅಂಥದ್ದೇನು ಕಲಿಸುತ್ತಾರೆ ಹೇಳು ಎಂದರು. ಕಾಗೆಗಳೆಲ್ಲ ಕಪ್ಪು ಅಂದ ಮಾತ್ರಕ್ಕೆ ಕಪ್ಪಗಿರುವುದೆಲ್ಲ ಕಾಗೆಯಲ್ಲ ಎಂದು ವಿವರಿಸಿದೆ. ಅಪ್ಪ ಛತ್ತು ನೋಡುತ್ತ ಯೋಚಿಸಿ, ಕೊನೆಗೆ ನಕ್ಕರು.

"ಇಷ್ಟ ಏನು, ಇನ್ನೂ ಐತೋ?"

"ಇನ್ನೂ ಭಾಳ ಐತ್ರಿ."

"ಹಂಗಾರ ಪೂರ್ತಿ ಕಲ್ತು ಬಂದು ಹೇಳು."

ಸೋಮವಾರ ಮತ್ತೆ ರೈಲು ಹತ್ತಿದೆ. ಮುಂದಿನ ರವಿವಾರ ಅತ್ಯಾ ಕಥೆಯನ್ನೆಲ್ಲ ಕೇಳಿ, ನನ್ನ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟರು.

ಅಲ್ಲಿಯವರೆಗೆ ಎಲ್ಲರೂ ಎಷ್ಟು ಕಲಿತೆ ಎಂದು ಕೇಳಿದ್ದರು. ಏನು ಕಲಿತೆ ಎಂದು ಕೇಳಿದವರು ಅಪ್ಪನೇ ಮೊದಲು. ಅಂದಿನಿಂದ ನನಗೂ ಅದೇ ಚಟ. ಇವತ್ತು ಮೇಲಿನ ಮನೆಯ ಹುಡುಗಿ ಕಾಲೇಜಿಗೆ ಇಳಿದು ಬರುವಾಗ ತಡೆದು ಕೇಳಿದೆ. ಮೊದಲು ಗಾಬರಿಯಾದಳು, ಆಮೇಲೆ ಬಸ್ಸನ್ನೂ ಮರೆತು ನಿಂತುಬಿಟ್ಟಳು. ಜಿರಳೆಯ ರಕ್ತ ಕೆಂಪಗಿರುವುದಿಲ್ಲವಂತೆ. ಈ ವಯಸ್ಸಿನಲ್ಲಿ ಅದರಿಂದ ನನಗೇನೂ ಉಪಯೋಗವಿಲ್ಲ. ದಿನವಿಡೀ ಖುಷಿಯಾಗಿದ್ದೆ.